ಸೀಸದ ಹಲಗೆಯ ಆಚೆ ನಿನ್ನ ಭಾವ

ಮದರಾಸು, 6-8-1984

ತಂಗಿ ಶಿವರುದ್ರಿ, ಅಕ್ಕ ಚೆನ್ನಾಗಿದ್ದಾಳೆ, ಮೊದಲು ಅದನ್ನು ಓದಿಕೋ.

ಮಾತಾಡುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊನ್ನೆ ಮತ್ತಿನ ಮದ್ದು ಕೊಟ್ಟು ನಾಲಿಗೆಯ ಗಂಟಿಗೆ ಆರು ಸಣ್ಣ ಕೊಳವೆ ಚುಚ್ಚಿದರು. ಆಮೇಲೆ ಒಂಟಿ ಕೋಣೆಗೆ ತಂದು ಅವುಗಳೊಳಗೆ ಗಂಟು ಸುಡುವ ಕಿರಣದ ತಂತಿ ಇಳಿಸಿದರು. ಇದು ಹೊಸ ಪದ್ಧತಿಯಂತೆ. ಮೊದಲೆಲ್ಲ ಡಾಕ್ಟರೇ ರೇಡಿಯಂ ಸೂಜಿ ಹಿಡಿದು ಚುಚ್ಚಬೇಕಿತ್ತಂತೆ, ಅವರ ಕೈಗೂ ಅಪಾಯವಿತ್ತಂತೆ.

ನಿನ್ನ ಭಾವನನ್ನು ದಿನಕ್ಕೆ ಹತ್ತೇ ನಿಮಿಷ ಒಳಗೆ ಬಿಡುತ್ತಾರೆ, ಅದೂ ಕಿರಣ ತಡೆಯುವ ಎದೆಮಟ್ಟದ ಸೀಸದ ಹಲಗೆಯ ಆಚೆ. ಮೂವತ್ತು ವರ್ಷ ಬರೀ ಹೂಂಗುಟ್ಟಿದವರು, ನಾನು ಸುಮ್ಮನಾದ ಮೇಲೆ ಒಂದೇ ಸಮನೆ ಮಾತಾಡುತ್ತಾರೆ. ನಿನ್ನೆ ನರ್ಸು ಹೊರಡಿ ಎಂದು ಕೈಸನ್ನೆ ಮಾಡಿದಾಗ, "ಮುಂದೆ ಮಕ್ಕಳಾಗೋರಿಗೆ ಈ ಕಿರಣ ಆಗಲ್ಲ ಅಂತೀರಿ. ನಂಗೆ ಅರವತ್ತಾಯ್ತು ಕಣಮ್ಮ! ಈ ಹಲಗೆ ಅತ್ಲಾಗೆ ತಳ್ಳಿ, ಇವಳ ಪಕ್ಕ ಕೂತ್ಕತೀನಿ" ಅಂದರು. ಆ ಹುಡುಗಿಗೆ ಕನ್ನಡ ಬಾರದು. ನನಗೆ ನಗಲೂ ಆಗಲಿಲ್ಲ, ಕಣ್ಣು ತುಂಬಿತು.

ಶುಕ್ರವಾರ ತಂತಿ ತೆಗೆಯುತ್ತಾರೆ. ನೋವಿದೆ, ಜ್ವರವಿಲ್ಲ. ಮೂಗಿನ ಕೊಳವೆಯಲ್ಲಿ ಗಂಜಿ, ಹಾಲು ಕೊಡುತ್ತಾರೆ. ನಾಲಿಗೆ ಕತ್ತರಿಸುವುದು ಬೇಡ ಎಂದಿದ್ದಾರೆ. ಗಂಟು ಸಣ್ಣದಿದ್ದಾಗಲೇ ಬಂದದ್ದು ಒಳ್ಳೆಯದಾಯಿತಂತೆ. "ಹಲ್ಲು ತಾಗಿದ ಹುಣ್ಣು, ಬುಡು" ಎಂದ ನನ್ನನ್ನು ಬೈದು ಕಿಬ್ಬನಹಳ್ಳಿಯಲ್ಲಿ ಬಸ್ಸು ಹತ್ತಿಸಿದವಳು ನೀನು. ನಾಲಿಗೆ ಹೊರಳಿದ ದಿನ ಮೊದಲು ನಿನ್ನ ಹೆಸರನ್ನೇ ಕೂಗುತ್ತೇನೆ. ಕಾರ್ಡಿನಲ್ಲಿ ಜಾಗವಿಲ್ಲ.

ಅಕ್ಕ ಗುರುಶಾಂತಿ