ಸುಂಕಮ್ಮನ ಕೆಲಸ

ಕೊಟ್ಟೂರು
೯ ಡಿಸೆಂಬರ್ ೨೦೦೨

ಪ್ರೀತಿಯ ಅಮೃತಾ,

ನೀನು, ನಿಮ್ಮ ಮನಿಯವರು, ಕೂಸು ಎಲ್ಲಾರೂ ಆರಾಮ ಅದೀರಿ ಅನ್ಕೊಂಡೀನಿ. ಕೂಸಿಗೆ ಹಲ್ಲು ಬಂದುವೇನು? ತೊಟ್ಟಿಲಿಗೆ ಹಾಕೋ ದಿನ ಬಂದೇ ಬರ್ತೀನಿ ಅಂದಾಕಿ ಬರಲಿಲ್ಲ, ಆಮ್ಯಾಲೆ ನೀ ಬರೆದ ಪತ್ರಕ್ಕೂ ಉತ್ತರ ಕೊಡಲಿಲ್ಲ. ಸಿಟ್ಟಾಗು, ಬ್ಯಾಡ ಅನ್ನಂಗಿಲ್ಲ. ಆದ್ರ ಪೂರಾ ಓದಿ ಆಮ್ಯಾಲೆ ಸಿಟ್ಟಾಗು. ಪೆನ್ನು ಹಿಡಿದಾಗೆಲ್ಲಾ ಬರೀ ಬೈಗಳೇ ಬರ್ತಿದ್ವು. ಬಾಣಂತಿಗೆ ಬೈಗಳ ಬರೆದು ಕಳಸಬಾರದು ಅಂತ ಸುಮ್ನಾದೆ.

ಅವ್ವ ಚಲೋ ಅದಾಳ. ಕಣ್ಣಿನ ಆಪರೇಶನ್ ಆದ ಮ್ಯಾಲೆ ಓಣಿಯ ಆ ತುದಿಗೆ ಯಾರು ಹೊಂಟಾರ ಅನ್ನೋದೂ ಕಾಣತೈತಂತ. ಸಂಜಿಗೆ ನಾ ಬರೋದ್ರಾಗ ಎಲ್ಲಾರ ಸುದ್ದಿ ಕೂಡಿಸಿಟ್ಟಿರ್ತಾಳ. ನಿನ್ನ ಕೂಸಿಗೆ ಕುಲಾಯಿ ಹೆಣಕೊಂತ ಕುಂತಾಳ, ಯಾರರ ಆ ಕಡೆ ಬರೋರಿದ್ರ ಕೊಟ್ಟು ಕಳಸ್ತೀನಿ.

ನೀ ಮದುವಿಯಾಗಿ ಗಂಗಾವತಿಗೆ ಹೋದ ಮ್ಯಾಲೆ ನಮ್ಮ ಸಂಸ್ಥೆಯಾಗ ಏನೇನಾತು ಅಂತ ಕೇಳಿದ್ದಿ. ನಾವಿಬ್ರೂ ಇದ್ದಾಗ ಅಂಗವಿಕಲ ಹುಡುಗ್ರಿಗೆ ಹೊಲಿಗಿ, ಬುಕ್ ಬೈಂಡಿಂಗು, ಮೋಟಾರ್ ವೈಂಡಿಂಗು ಕಲಿಸಿ, ಸರ್ಟಿಫಿಕೇಟು ಕೊಟ್ಟು ಕಳಸ್ತಿದ್ವಲ್ಲ. ಅವರೆಲ್ಲಾ ಏನಾದ್ರು ಗೊತ್ತೇನು? ಮನಿಗೆ ಹೋಗಿ ಮತ್ತ ಮೊದಲು ಕುಂತಿದ್ದ ಜಾಗಾದಾಗ ಕುಂತ್ರು. ಅದನ್ನ ನೋಡಿ ಕಾರ್ಯದರ್ಶಿ ಗಂಗಾಧರ್ ಸರ್ ನನ್ನ ಕರೆದು, "ಶೈಲಾ, ನೀ ಕಲಸೋದು ಬಿಡು. ಇನ್ನ ಮ್ಯಾಲೆ ಇವರಿಗೆ ಕೆಲಸ ಕೊಡೋರನ್ನ ಹುಡುಕು" ಅಂದ್ರು. ನನಗೂ ಖುಷಿ ಆತು. ಪೋಲಿಯೋ ಆದ ನನ್ನ ಎಡಗಾಲು, ಅದಕ್ಕ ಕಟ್ಟಿದ ಕಬ್ಬಿಣದ ಪಟ್ಟಿ ಕ್ಯಾಲಿಪರು, ನಮ್ಮ ಬಸ್ಸಿನ ಎತ್ತರದ ಮೆಟ್ಟಲು, ಈ ಮೂರಕ್ಕೂ ಆಗಿ ಬರಂಗಿಲ್ಲ ಅನ್ನೋದು ನಿನಗ ಗೊತ್ತೇ ಐತಿ. ಆದ್ರೂ ಹೊಂಟೆ.

ಹರಪನಹಳ್ಳಿಯಾಗ ಒಬ್ಬ ಪ್ರೆಸ್ಸಿನವನು, "ಮುಂಜಾನೆ ಬೋಣಿಗಿ ಹೊತ್ತಿನಾಗ ಗಿರಾಕಿ ಎದುರಿಗೆ ಕುಂಟ ಹುಡುಗನ್ನ ಹೆಂಗ ಕುಂದ್ರಸ್ಲಿ?" ಅಂತ ನನ್ನ ಮುಂದನ ಅಂದ. ಅಂದ ಮ್ಯಾಲೆ ನನ್ನ ಕಾಲು ನೋಡಿ, "ನಿಮಗಲ್ರಿ ಅಂದಿದ್ದು" ಅಂದ. ಹಡಗಲಿಯಾಗ ಒಬ್ಬ ಹೋಟೆಲಿನವನು ನಾ ಬಾಯಿ ತೆರಿಯೋದ್ರಾಗ ಗಲ್ಲಾದಿಂದ ಚಿಲ್ಲರೆ ತಗದು ಟೇಬಲ್ ಮ್ಯಾಲೆ ಇಟ್ಟ. ನಾ ಚಂದಾ ಕೇಳಾಕ ಬಂದೀನಿ ಅನ್ಕೊಂಡಿದ್ದ. ಕೂಡ್ಲಿಗಿಯಾಗಂತೂ ಒಂದು ವೈಂಡಿಂಗ್ ಅಂಗಡಿ ಬಾಗಲ ಹತ್ರನ, "ಮಾಲಕ್ರು ಊರಾಗಿಲ್ಲ" ಅಂದ್ರು. ಒಳಗ ಅವರದ ದನಿ ಕೇಳತಿತ್ತು.

ಹಗರಿಬೊಮ್ಮನಹಳ್ಳಿಯಾಗ ಗುರುಸಂಗಪ್ಪ ಅಂತ ಒಬ್ರು ಶಾಲಿ ಮಕ್ಕಳ ಯೂನಿಫಾರ್ಮ್ ಹೊಲಸೋ ಕಾರ್ಖಾನಿ ಹಾಕ್ಯಾರ. ಹೊಲಿಯೋ ಹೆಣ್ಮಕ್ಕಳು ಬೇಕು ಅಂತ ಬೋರ್ಡು ಹಾಕಿದ್ರು. ಅಲ್ಲಿಗೆ ಹೋದೆ. ಕುರ್ಚಿ ಕೊಟ್ರು, ಚಾ ತರಿಸಿದ್ರು.

"ಅಂಗವಿಕಲರು ಅಂದ್ರ ದೇವರ ಮಕ್ಕಳವ್ವ. ನಮ್ಮ ತಂದಿ ತಿಥಿಗೆ ನಿಮ್ಮ ಸಂಸ್ಥಿಯವರಿಗೆ ಗೋಧಿ ಹುಗ್ಗಿ ಊಟ ಹಾಕಸ್ತೀನಿ" ಅಂದ್ರು.

"ಊಟ ಬ್ಯಾಡ್ರಿ. ಒಬ್ಬಾಕಿಗೆ ಕೆಲಸ ಕೊಡ್ರಿ, ತನ್ನ ಊಟ ತಾನ ಮಾಡ್ಕೊಂತಾಳ" ಅಂದೆ.

ನಗ್ತಾರೋ ಸಿಟ್ಟಾಗ್ತಾರೋ ಅಂತ ನೋಡಿದೆ. ನಕ್ರು. "ನೋಡನ. ಕೈ ಚಲೋ ಇದ್ರ ಇಟ್ಕೊಂತೀನಿ" ಅಂದ್ರು.

ನನ್ನ ಮನಸಿನಾಗ ಇದ್ದಾಕಿ ಸುಂಕಮ್ಮ. ನೀ ಆಕೀನ ನೋಡಿಲ್ಲ. ತಂಬ್ರಹಳ್ಳಿ ಹುಡುಗಿ, ಹುಟ್ಟಿದಾಗಿಂದ ಕಿವಿ ಕೇಳಂಗಿಲ್ಲ, ಮಾತು ಬರಂಗಿಲ್ಲ. ಓದೂ ಬರಂಗಿಲ್ಲ, ಶಾಲಿಗೆ ಯಾರೂ ಕಳಿಸಿಲ್ಲ. ನಮ್ಮಲ್ಲಿ ಹೊಲಿಗಿ ಕಲ್ತು ವರ್ಷಾಗಿತ್ತು. ಮನಿಗೆ ಹೋಗಿ ಆಕಿ ಅವ್ವ ಬೊಮ್ಮಮ್ಮಗ ಸುದ್ದಿ ಹೇಳಿದೆ. ಆಕಿ ಕುರಿ ಹಟ್ಟಿ ಬಳಿಯೋದು ಬಿಡದಂಗ, "ಶೈಲವ್ವಾ, ಕುರಿ ಹಿಂದನ ಕಳಸಂಗಿಲ್ಲ ನಾನು, ಇನ್ನ ಬಸ್ಸಿಗೆ ಕಳಸ್ಲೇನು? ಯಾವನರ ಕೈ ಹಿಡದ್ರ ಒದರಾಕ ಬಾಯಿಲ್ಲ ಆಕೀಗೆ" ಅಂದ್ಲು. ಸುಂಕಮ್ಮ ನಮ್ಮಿಬ್ಬರ ಮುಖಾನೂ ಒಂದಾದ ಮ್ಯಾಲೆ ಒಂದು ನೋಡಿದ್ಲು. ಒಳಗ ಹೋಗಿ, ಕತ್ರಿ, ಅಳತಿ ಟೇಪು ಚೀಲದಾಗ ಹಾಕ್ಕೊಂಡು ಬಂದು ಬಾಗಲಾಗ ನಿಂತ್ಲು. ಬೊಮ್ಮಮ್ಮ ಮಗಳನ್ನ ನೋಡಿ, "ಮೊದಮೊದಲು ನೀ ಕೂಡ ಹೋಗಿ ಬಾರವ್ವ" ಅಂದ್ಲು.

ಹೋಗಿ ಬಂದೆ. ಆಕಿ ಹೊಲಿಗಿ ನೋಡಿ ಗುರುಸಂಗಪ್ಪ ಇಟ್ಕೊಂಡ್ರು. ಕಂಡಕ್ಟರ್ ಜಂಬಯ್ಯಗ ಹೇಳಿ, ಆಕೀನ ಅವನ ಹಿಂದಿನ ಸೀಟಿನಾಗ ಕುಂದ್ರಸೋ ವ್ಯವಸ್ಥಾ ಮಾಡಿದೆ. ಕಾರ್ಖಾನಿಯಾಗ ಮರುಳಸಿದ್ದಮ್ಮ ಅಂತ ಮೇಲ್ವಿಚಾರಕಿ, ತೋಳು, ಕಾಲರು, ಗುಂಡಿ ಎಲ್ಲಾದಕ್ಕೂ ನಮ್ಮ ಕೈಸನ್ನಿ ಕಲ್ತ್ಲು. ಚಾಕ್ಕ ಕರಿಯೋ ಸನ್ನಿ ತಾವಿಬ್ರ ಮಾಡ್ಕೊಂಡಿದ್ರು. ಸುಂಕಮ್ಮ ಮೊದಲ ಪಗಾರದಾಗ ಅವ್ವಗ ಚಪ್ಪಲಿ ತಂದ್ಲಂತ. ಬೊಮ್ಮಮ್ಮ ಅವನ್ನ ಕೈಯಾಗ ಹಿಡ್ಕೊಂಡು ಓಣಿಗೆಲ್ಲಾ ತೋರಿಸಿ ಬಂದಾಳ, ಕಾಲಿಗೆ ಹಾಕಿಲ್ಲ. ಅಮೃತಾ, ಆ ದಿನಗಳಾಗ ನನಗ ಬಸ್ಸಿನ ಮೆಟ್ಟಲು ಎತ್ತರ ಅನಸ್ತಿರಲಿಲ್ಲ.

ಶಾಲಿ ಸುರು ಆಗೋ ಮುಂದ ಕೆಲಸದ ಗದ್ದಲ. ಒಂದು ಶಾಲಿಯವರು ನಡುವ, ಅಂಗಿ ಜೇಬಿಗೆ ಮುಚ್ಚಳ ಬ್ಯಾಡ ಅಂದ್ರಂತ. ಎಲ್ಲಾರಿಗೂ ಕೂಗಿ ಹೇಳಿದ್ರು. ಸುಂಕಮ್ಮ ಬೆನ್ನು ತಿರುವಿ ಮಷೀನಿನ ಮ್ಯಾಲೆ ಬಗ್ಗಿದ್ಲು. ಮರುದಿನ ಮಧ್ಯಾಹ್ನದ ತನಕ ಮುಚ್ಚಳ ಹಚ್ಚೇ ಹೊಲಿದಾಳ, ಎಲ್ಲಾರಿಗಿಂತ ಜಲ್ದಿ. ಗುರುಸಂಗಪ್ಪ ಆ ಅಂಗಿ ಎಲ್ಲಾ ಆಕಿ ಮುಂದ ಒಗದು, ಬಾಗಲು ತೋರಿಸ್ಯಾರ.

ಸುದ್ದಿ ತಿಳಿದು ಓಡಿದೆ. "ಆಕೀಗೆ ಹೇಳಿದೋರು ಯಾರ್ರಿ?" ಅಂದೆ.

"ಎಲ್ಲಾರಿಗೂ ಹೇಳೈತಿ."

"ಬಾಯಿಲೆ ಹೇಳೀರಿ. ಆಕೀಗೆ ಹೆಂಗ ತಿಳಿಬೇಕು?"

"ಅದ ನಾನೂ ಹೇಳೋದವ್ವ. ಹೇಳಿದ್ದು ತಿಳಿಯಂಗಿಲ್ಲ. ಒಬ್ಬಾಕಿಗೆ ಹೇಳಾಕ ಇನ್ನೊಬ್ಬಾಕೀನ ಪಗಾರ ಕೊಟ್ಟು ಇಡ್ಲೇನು? ನಾ ಕಾರ್ಖಾನಿ ನಡಸ್ತೀನಿ, ಆಶ್ರಮ ಅಲ್ಲ."

"ಇನ್ನೊಬ್ರು ಬ್ಯಾಡ್ರಿ. ಪ್ರತಿ ಸಾಲಿನ ಮುಂದ ಆವತ್ತಿನ ಮಾದರಿ ಅಂಗಿ ಒಂದು ತೂಗು ಹಾಕ್ರಿ. ಬದಲಾದ್ರ ಅಂಗಿ ಬದಲ ಮಾಡ್ರಿ. ಕಿವಿ ಇದ್ದೋರಿಗೂ ಅನುಕೂಲ."

"ವಿಚಾರ ಮಾಡ್ತೀನಿ" ಅಂದ್ರು.

ಹೊರಗ ನಳದ ಹತ್ರ ಮರುಳಸಿದ್ದಮ್ಮ ಸಿಕ್ಲು. ಸೆರಗಿನಾಗ ಮುಖ ಒರಸ್ಕೊಂತ, "ನಾನ ಆಕಿ ಹೆಗಲು ಮುಟ್ಟಿ ಹೇಳಬೇಕಿತ್ರಿ, ಗದ್ದಲದಾಗ ಮರ್ತೆ. ಸಾಹುಕಾರ್ರಿಗೆ ಹೇಳಿದ್ರ ನಾನೂ ಮನಿಗೆ ಹೋಗ್ಬೇಕು. ಗಂಡ ಇಲ್ಲ, ಎರಡು ಮಕ್ಕಳು" ಅಂದ್ಲು. ಬಸ್ ಸ್ಟ್ಯಾಂಡಿನಾಗ ಕುಂತು, ಯಾರ ಮ್ಯಾಲೆ ಸಿಟ್ಟಾಗಬೇಕು ಅನ್ನೋದ ತಿಳೀಲಿಲ್ಲ. ಎಲ್ಲಾರ ಮ್ಯಾಲೂ ಆದೆ.

ದಸರಾ ಮುಂದ ಮತ್ತೊಮ್ಮೆ ಕೇಳಿ ನೋಡೂನು ಅಂತ ಹೋದೆ. ಒಳಗ ಕಾಲಿಟ್ರ, ಸಾಲಿಗೊಂದು ಮಾದರಿ ಅಂಗಿ ಜೋತು ಬಿದ್ದಾವು. "ನೀ ಹೇಳಿದ್ದು ಚಲೋ ಆತವ್ವ, ತಪ್ಪು ಬಾಳ ಕಮ್ಮಿ ಆಗ್ಯಾವು" ಅಂತ ಗುರುಸಂಗಪ್ಪ ಖುಷಿಲೆ ಹೇಳಿದ್ರು. ಸುಂಕಮ್ಮನ ಮಷೀನಿನ ಮುಂದ ಬ್ಯಾರೆ ಹುಡುಗಿ ಕುಂತಿದ್ಲು.

ಇಷ್ಟಾದ ಮ್ಯಾಲೂ ಹೋದ ಮಂಗಳವಾರ, ವಿಶ್ವ ಅಂಗವಿಕಲರ ದಿನದ ಸಭಾದಾಗ ನಮ್ಮ ಸಂಸ್ಥೆ ಯಾರಿಗೆ ಶಾಲು ಹೊದಿಸ್ತು ಹೇಳು. ಗುರುಸಂಗಪ್ಪನವರಿಗೆ, ಅಂಗವಿಕಲರಿಗೆ ಉದ್ಯೋಗ ಕೊಟ್ಟ ಮಹನೀಯರು ಅಂತ. "ಸರ್, ಆಕೀನ ತಗದು ಆರು ತಿಂಗಳಾತಲ್ರಿ" ಅಂದೆ. ಗಂಗಾಧರ್ ಸರ್, "ಕೊಟ್ಟಿದ್ದಂತೂ ಖರೆ ಐತಲ್ಲ. ಸಂಬಂಧ ಕೆಡಿಸ್ಕೋಬಾರದು, ನಾಳೆ ಇನ್ನೊಬ್ಬರನ್ನ ತಗೋಬಹುದು. ನೀ ಸ್ವಲ್ಪ ನಗುಮುಖ ಇಟ್ಕೋ" ಅಂದ್ರು. ಹಾರ ಇಟ್ಟ ತಾಟು ನನ್ನ ಕೈಯಾಗ ಕೊಟ್ರು.

ಸುಂಕಮ್ಮನೂ ಬಂದಿದ್ಲು. ಹಳೆ ವಿದ್ಯಾರ್ಥಿಗಳನ್ನೆಲ್ಲಾ ಕರೆಸಿದ್ರು. ಮುಂದಿನ ಸಾಲಿನಾಗ ಕುಂತು ವೇದಿಕಿ ನೋಡಿದ್ಲು, ಆಮ್ಯಾಲೆ ನನ್ನ ನೋಡಿ ಕೈಸನ್ನಿಲೆ ಕೇಳಿದ್ಲು: ಅವರಿಗ್ಯಾಕ ಹೂವು? ನನ್ನ ಎರಡೂ ಕೈಯಾಗ ತಾಟಿತ್ತು.

ಸಭಾ ಮುಗಿದ ಮ್ಯಾಲೆ ಶಾಲು ಹೊದ್ದ ಗುರುಸಂಗಪ್ಪನವರ ಮುಂದ ಸುಂಕಮ್ಮನ್ನ ಕರ್ಕೊಂಡು ಹೋಗಿ ನಿಂದರಿಸಿ, "ಈಕೀನ ವಾಪಸ್ ಕರ್ಕೊಳ್ರಿ" ಅಂದೆ. ಆಕಿ ತಲಿ ಮ್ಯಾಲೆ ಕೈ ಇಟ್ಟು, "ಮುಂದಿನ ಸೀಜನ್ನಿಗೆ ನೋಡನವ್ವ" ಅಂದು ಕಾರು ಹತ್ತಿದ್ರು.

ಈಗ ಆಕಿ ಮನ್ಯಾಗ ಓಣಿಯವರ ಕುಪ್ಪಸ ಹೊಲಿತಾಳ. ಬೊಮ್ಮಮ್ಮ ನನಗ ಒಂದು ಮಾತೂ ಅಂದಿಲ್ಲ. ಅಂದಿದ್ರ ಚಲೋ ಇತ್ತು. ಮುಂದಿನ ವಾರ ಇಟ್ಟಿಗಿ ಕಡೆ ಒಬ್ರು ಟೇಲರಿಂಗ್ ಅಂಗಡಿಯವರು ಬಾ ಅಂದಾರ, ಹೋಗಿ ನೋಡ್ತೀನಿ. ಸುಂಕಮ್ಮನ್ನೂ ಕರ್ಕೊಂಡು ಹೋಗ್ತೀನಿ, ತನ್ನ ಕೈಕೆಲಸ ತಾನ ತೋರಸ್ಲಿ.

ಬಾಳ ಆತು. ಕೂಸಿಗೆ ನನ್ನ ಮುದ್ದು. ಅದು ಗಟ್ಟಿ ಮುಟ್ಟಾಗಿ ಬೆಳೀಲಿ, ನಿನ್ನ ನಗು ಅದಕ್ಕ ಬರ್ಲಿ. ಅತ್ತಿ ಮಾವಗ ನನ್ನ ನಮಸ್ಕಾರ ಹೇಳು. ನಿನ್ನ ಮೈ ಬಗ್ಗೆ ಕಾಳಜಿ ಮಾಡ್ಕೋ.

ನಿನ್ನ
ಶೈಲಾ

ತಾ.ಕ.: ಪತ್ರ ಮಡಚಿ ಇಟ್ಟಿದ್ದೆ, ಮತ್ತ ತಗದೆ. ನಿನಗ ಹೇಳಲಿಲ್ಲ ಅಂದ್ರ ಇನ್ಯಾರಿಗೆ ಹೇಳ್ಲಿ? ಬರೋ ಜನವರಿಯಿಂದ ಸಂಸ್ಥೆಗೆ ಹೊಸಾ ಹುದ್ದೆ ಮಂಜೂರಾಗೈತಿ, ಉದ್ಯೋಗಾಧಿಕಾರಿ ಅಂತ. ಇಲ್ಲಿ ತನಕ ನಾ ಮಾಡಿದ್ದ ಕೆಲಸಾನ ಅದು, ಕಾಯಂ ನೌಕರಿ. ನಾನ ಅಂತ ಎಲ್ಲಾರೂ ಅನ್ಕೊಂಡಿದ್ರು, ನಾನೂ ಅನ್ಕೊಂಡಿದ್ದೆ. ಶನಿವಾರ ಗಂಗಾಧರ್ ಸರ್ ಕರೆದು, ಹರಪನಹಳ್ಳಿಯ ಪ್ರವೀಣಕುಮಾರ್ ಅನ್ನೋ ಹುಡುಗನ್ನ ತಗೊಂಡೀವಿ ಅಂದ್ರು. "ಬೈಕಿನ ಮ್ಯಾಲೆ ನಾಕೂ ತಾಲೂಕು ತಿರುಗೋ ಕೆಲಸ, ಶೈಲಾ. ನಿನ್ನ ಕಾಲಿಗೆ ಆಗಂಗಿಲ್ಲ. ನಿನ್ನ ಒಳ್ಳೇದಕ್ಕ ಹೇಳ್ತೀನಿ." "ಇಷ್ಟು ದಿನ ತಿರುಗಿದ್ದು ಯಾರ ಕಾಲಿಲೆರಿ?" ಅಂದೆ. ನಾ ಮತ್ತ ಹೊಲಿಗಿ ಕಲಸಬೇಕಂತ.

ಅವ್ವಗ ಇನ್ನೂ ಹೇಳಿಲ್ಲ. ಮಗಳು ಆಫೀಸರ್ ಆದ್ಲು ಅಂತ ಆಕಿ ಓಣಿ ತುಂಬ ಸಕ್ಕರಿ ಹಂಚಿ ಬಂದಾಳ.