ಬುಟ್ಟಿಯ ಪಕ್ಕ ಚಿಗವ್ವನ ಮಾತು

ಹಳೇ ಹುಬ್ಬಳ್ಳಿ
೧೨ ಡಿಸೆಂಬರ್ ೨೦೨೫

ಪ್ರೀತಿಯ ನಾಗೂಗೆ,

ಶಾಹೀನಳ ಸಲಾಮು. ಉಣಕಲ್ಲಿನಲ್ಲಿ ಎಲ್ಲರೂ ಆರಾಮಿದ್ದೀರಿ ಅಂದುಕೊಂಡಿದ್ದೇನೆ. ಸಿಟ್ಟಾಗಬೇಡ, ಆಗುವುದಿದ್ದರೂ ಓದಿ ಮುಗಿಸಿ ಆಗು. ಶ್ರಾವಣದಲ್ಲಿ ನಿಮ್ಮವ್ವ ಹೋದಳು. ಮಣ್ಣಿಗೆ ಬಂದವಳು ನಿನ್ನ ಮುಖ ನೋಡದೆ ಹೊರಟುಬಂದೆ. ಅಂದಿನಿಂದ ಒಂದು ಫೋನೂ ಮಾಡಿಲ್ಲ. ದಸರೆಗೆ ಬರೆಯೋಣ ಅಂದೆ, ದೀಪಾವಳಿಗೆ ಅಂದೆ. ಈಗ ನಿನ್ನ ಒಪ್ಪಿಗೆ ಬೇಕಾಗಿದೆ, ಅದಕ್ಕೇ ಪೆನ್ನು ಹಿಡಿದೆ. ಕೆಲಸ ಬಿದ್ದಾಗಲೇ ನಾನು ನೆನಪಾದೆನೇನೇ ಅಂತ ನೀನು ಕೇಳಿದರೆ ಹೌದು ಅನ್ನಬೇಕಾಗುತ್ತದೆ.

ನಾನಿರುವ ಕಂಪನಿ ನಿನಗೆ ಗೊತ್ತಲ್ಲ, ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಕಿರಾಣಿ, ಕಾಯಿಪಲ್ಯ ಮನೆಗೆ ಮುಟ್ಟಿಸುತ್ತದೆ. ಜನ ಆರೋಗ್ಯಕ್ಕೆ ಒಳ್ಳೆಯದಾದದ್ದನ್ನು ಆರಿಸಿಕೊಳ್ಳಲಿ ಅಂತ, ಮೊಬೈಲಿನಲ್ಲಿ ಅವರು ನೋಡುವ, ಬುಟ್ಟಿಗೆ ಹಾಕುವ ಸಾಮಾನಿನ ಪಕ್ಕದಲ್ಲಿ ಒಂದೊಂದು ಸಾಲು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು 'ಇದರಲ್ಲಿ ಸಕ್ಕರೆ ಅತಿಯಾಗಿದೆ' ಎಂದು ಡಾಕ್ಟರರ ಹಾಗೆ ಬರೆದೆ, ಮೇಲೊಂದು ಕೆಂಪು ಗುರುತು ಬೇರೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಮರುದ್ದೀನ ಎಂಬ ಹಿರಿಯರೊಬ್ಬರು ಫೋನ್ ಮಾಡಿ, “ನನ್ನ ತಾಟಿನ್ಯಾಗ ಕೈ ಹಾಕಾಕ ನೀವ್ಯಾರ್ರಿ? ಮನ್ಯಾಗ ಒಬ್ಬಾಕಿ ಹೇಳೋದು ಸಾಲದೇನು?” ಅಂದರು. ನಗುವೂ ಬಂತು, ನಾಚಿಕೆಯೂ ಆಯಿತು.

ಆಗ ನಿಮ್ಮ ಅಡುಗೆಮನೆ ನೆನಪಾಯಿತು. ಶಾಲೆ ಬಿಟ್ಟೊಡನೆ ಓಡಿಬಂದು ನಾವಿಬ್ಬರೂ ಒಂದೇ ತಾಟಿಗೆ ಕೂರುತ್ತಿದ್ದೆವು, ಜೋಳದ ನುಚ್ಚು, ಮಜ್ಜಿಗೆ. ನಮ್ಮ ಅಮ್ಮಿ ಗೋಡೆಯಾಚೆಯಿಂದ, “ಶಾಹೀನ, ಮನೀಗೆ ಬರ್ತೀಯೇನ, ಅಲ್ಲೇ ಇರ್ತೀಯೇನ?” ಎಂದು ಕೂಗುತ್ತಿದ್ದಳು. ನಿನ್ನ ಅವ್ವ ಮುರಿಗೆವ್ವ, ನನ್ನ ಪಾಲಿನ ಚಿಗವ್ವ, “ಇರ್ಲಿ ಬಿಡ್ರಿ ಮೀರಾಬಿ, ಅಕಿ ಇದ್ರ ನಮ್ಮ ನಾಗೂ ನಾಕು ತುತ್ತು ಜಾಸ್ತಿ ಉಣ್ತಾಳ” ಅನ್ನುತ್ತಿದ್ದಳು. ಬಿಸ್ಕೀಟು ಕೇಳಿದರೆ ಅವಳು ಎಂದೂ ಬೇಡ ಅಂದವಳಲ್ಲ. “ತಿನ್ನವ್ವ, ಯಾರ್ ಬ್ಯಾಡ ಅಂತಾರ? ಮದಲ ಇಷ್ಟು ಶೇಂಗಾ ಬಾಯಾಗ ಹಾಕ್ಕೋ.” ಶೇಂಗಾ ಮುಗಿಯುವಷ್ಟರಲ್ಲಿ ಬಿಸ್ಕೀಟು ಮರೆತೇ ಹೋಗಿರುತ್ತಿತ್ತು. ಎಷ್ಟು ಜಾಣೆ ಇದ್ದಳು ನೋಡು.

ಅಂಥದೇ ಮಾತನ್ನು ಅವಳ ದನಿಯಲ್ಲೇ ಬರೆದು ಹಾಕಿದೆ. ಸೊಟ್ಟ ಬದನೆಕಾಯಿ ಯಾರೂ ಒಯ್ಯದೆ ಕೊಳೆತು ಹೋಗುತ್ತಿತ್ತು. ಅದರ ಪಕ್ಕ, “ಕಾಯಿ ಸೊಟ್ಟ ಇದ್ರ ಪಲ್ಯಾ ಸೊಟ್ಟ ಆಗಂಗಿಲ್ಲ, ಒಯ್ಯವ್ವ” ಎಂದು ಬರೆದೆ. ಎಲ್ಲಿಂದಲೋ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವ ಸೊಪ್ಪಿನ ಪಕ್ಕ, “ಶಿರಗುಪ್ಪಿ ಹೊಲದ ಹತ್ತರಕಿ ಸೊಪ್ಪು ಮುಂಜಾನೆ ಬಂದೈತಿ, ಹಸೀದ ತಿಂದು ನೋಡು” ಎಂದೆ. ಎರಡು ವಾರದಲ್ಲಿ ಬದನೆಕಾಯಿ ಉಳಿಯುವುದೇ ನಿಂತಿತು. ಆ ಕಮರುದ್ದೀನ ಸಾಹೇಬರೇ ಮತ್ತೆ ಫೋನ್ ಮಾಡಿ, “ಈಗ ಬರ್ಯಾಕತ್ತಾಕಿ ಯಾರ್ರಿ? ನಮ್ಮ ತಾಯಿ ಮಾತಾಡಿದಂಗ ಆತು” ಎಂದರು. ಅವರು ಫೋನಿಟ್ಟ ಮೇಲೆ ನಾನು ಮೆಟ್ಟಿಲ ಮೇಲೆ ಕೂತು ಅತ್ತೆ.

ನಮ್ಮ ಮ್ಯಾನೇಜರ್ ಅಂಬರೀಷ ಅವರಿಗೆ ಈಗ ಅವಳ ಹೆಸರು, ಫೋಟೋ ಎರಡೂ ಬೇಕಂತೆ. “ಎಲ್ಲಾ ಕಡೆ ಮುರಿಗೆವ್ವನ ಇರ್ಲಿ. ತಿಂಗಳ ಮುಗಿಯೋದರಾಗ ಅವರ ಮನಿಯವರನ್ನ ಕೇಳ್ರಿ” ಅಂದಿದ್ದಾರೆ. ನೀನು ಬೇಡ ಅಂದರೆ ಒಂದು ಸಾಲೂ ಬಿಡದೆ ಅಳಿಸುತ್ತೇನೆ. ಕೇಳದೆ ಬರೆದದ್ದೇ ತಪ್ಪು. ಆದರೆ ಬರೆಯುವಷ್ಟು ಹೊತ್ತು ಅವಳು ಪಕ್ಕದಲ್ಲೇ ಕೂತಂತೆ ಇರುತ್ತದೆ ನಾಗೂ. ಅದನ್ನು ಬಿಡಲು ಮನಸ್ಸಾಗುತ್ತಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ನನ್ನ ಅಲ್ಲಾ, ನಿನ್ನ ಶಿವ ಇಬ್ಬರೂ ನಿಮ್ಮನ್ನೆಲ್ಲ ಸುಖವಾಗಿಟ್ಟಿರಲಿ.

ನಿನ್ನ
ಶಾಹೀನ

ತಾ.ಕ.: ಒಪ್ಪಿಗೆ ಕೊಡುವ ಮೊದಲು ಇದನ್ನೂ ಓದು. ಹೋಗುವ ನಾಲ್ಕು ದಿನ ಮೊದಲು ಚಿಗವ್ವ ನನಗೆ ಫೋನ್ ಮಾಡಿದ್ದಳು. ನೀನು ಪಾಠ ಮಾಡಲು ಕಾಲೇಜಿಗೆ ಹೋಗಿದ್ದೆ, ಅವಳು ನಿನಗೆ ಹೇಳಿರಲಿಕ್ಕಿಲ್ಲ. “ಬರೋವಾಗ ಇಷ್ಟು ಅಗಸಿ ತಾರವ್ವ, ಚಟ್ನಿ ಮಾಡೂಣು” ಅಂದಳು. ಅವಳು ಯಾರಿಗೂ 'ನಿನ್ನ ನೋಡಬೇಕನಿಸೈತಿ' ಅಂದವಳಲ್ಲ. ಏನಾದರೂ ತಾ ಅನ್ನುವುದೇ ಅವಳು ಕರೆಯುವ ರೀತಿ. ನನಗೂ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಅವತ್ತು ಕೆಲಸ ಬಹಳವಿತ್ತು, ಕೂತಲ್ಲಿಂದಲೇ ನಮ್ಮ ಆ್ಯಪಿನಲ್ಲಿ ಆರ್ಡರ್ ಹಾಕಿ ಕಳಿಸಿಬಿಟ್ಟೆ. ಅರ್ಧ ತಾಸಿನಲ್ಲಿ ಮುಟ್ಟಿತು. ಸಂಜೆ ಅವಳೇ ಫೋನ್ ಮಾಡಿ, “ಅಗಸಿ ಬಂತವ್ವ” ಅಂದಳು. ಆಮೇಲೆ ಇಷ್ಟೇ ಹೇಳಿದಳು: “ನಿನಗಂತ ಬಡದಿಟ್ಟ ರೊಟ್ಟಿ ಇದ್ದುವು. ತಂದಾಂವಗ ಉಣ್ಣಾಕ ಕೊಟ್ಟೆ.”