ತಿರುವಿಗೊಂದು ಚುಕ್ಕಿ

4 ಫೆಬ್ರುವರಿ 2025, ಮಂಗಳವಾರ. ಮಧ್ಯಾಹ್ನ 3

ನನ್ನ ಅಂಗಡ್ಯಾಗ ಶಲವಡಿ ಪ್ರಭು ತನ್ನ ಟ್ರ್ಯಾಕ್ಟರ್ ಸ್ಟಿಕ್ಕರ್ ಮೂರನೇ ಸಲ ತಿದ್ದಿಸಿದ. ಮೊದಲು ಹೆಂಡ್ತಿ ಹೆಸರು ದೊಡ್ಡದು. ಆಮ್ಯಾಲ ಅವ್ವಂದು. ಈಗ ಎರಡೂ ಸಮ ಬೇಕಂತ. ಬೈಗುಳ ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡು ಕತ್ತರಿಸಿ ಕೊಟ್ಟೆ.

ಊಟಕ್ಕ ಮನಿಗೆ ಹೋದಾಗ ಬೆರಳಿಗೆ ರೇಡಿಯಂ ಸ್ಟಿಕ್ಕರಿನ ಚೂರು ಅಂಟೇ ಇತ್ತು. ಅತ್ತಿ ಕೈ ಹಿಡಿದು ತಡವಿದ್ರು. ಎಸಳಲ್ಲೇನು ಇದು, ಅಂದ್ರು. ಹೌದು, ಹೂವಿನ ಎಸಳು! ಕಣ್ಣಿದ್ದ ನಾನೇ ನೋಡಿರಲಿಲ್ಲ.

ದೀಪಾವಳಿಯಿಂದ ಅವರಿಗೆ ಏನೂ ಕಾಣಂಗಿಲ್ಲ. ಕಾಚಬಿಂದು. ನಲವತ್ತು ವರ್ಷ ಜಮಖಾನಿ ನೇಯ್ದ ಜರೀನಾಬಿ ಈಗ ಮಗ್ಗಕ್ಕ ಬೆನ್ನು ಮಾಡಿ ಕೂಡ್ತಾರ. ನಮಾಜಿಗೆ ಹಾಸೂ ಜಾನಮಾಜ್ ಮಗ್ಗದ ಮ್ಯಾಲ ಅರ್ಧಕ್ಕ ನಿಂತೈತಿ. ಈದಿಗೆ ಸುಣ್ಣ ಹಚ್ಚೂ ಮುಂದ ಮಗ್ಗ ಬಿಚ್ಚೂಣು, ಅದನ್ನ ನೋಡಿ ಅಮ್ಮಗ ಸಂಕಟ ಆಗ್ತೈತಿ ಅಂತಾರ ನಮ್ಮ ಮನಿಯವರು ಆಸೀಫ್. ಅವರು ನೋಡೂದೆಲ್ಲಿ ಬಂತು, ಅಂದೆ. ಇಬ್ಬರೂ ಮಾತು ಬಿಟ್ಟೀವಿ.

6 ಫೆಬ್ರುವರಿ. ಸಂಜಿ 5

ನನ್ನ ಮದುವಿಗೆ ಅತ್ತಿ ನೇಯ್ದು ಕೊಟ್ಟ ಜಾನಮಾಜ್ ಪೆಟ್ಟಿಗಿಯಿಂದ ತಗದೆ. ಮಗ್ಗದ ಮ್ಯಾಲಿರೂದೂ ಅದೇ ಕಮಾನು. ಕಂಪ್ಯೂಟರಿಗೆ ಅದರ ಫೋಟೋ ಹಾಕಿ ಇಂಕ್‌ಸ್ಕೇಪ್‌ನ್ಯಾಗ ಗೆರಿ ಎಳದೆ. ವಿಚಾರ ಇಷ್ಟ — ಗೆರಿ ತಿರುಗಿದಲ್ಲೆಲ್ಲಾ ಒಂದು ಉಬ್ಬಿದ ಚುಕ್ಕಿ. ಅತ್ತಿ ಬೆರಳಾಡಿಸಿದ್ರ ಎಲ್ಲಿ ಬಣ್ಣ ಬದಲಿಸಬೇಕು ಗೊತ್ತಾಗಬೇಕು.

52 ನೋಡ್, ಅಂದ್ರ ಗೆರಿ ತಿರುವು, ಅಂತ ಕೆಳಗ ತೋರಿಸ್ತು. ಒಂದೊಂದ ಚುಕ್ಕಿ ಕೈಯಿಂದ ಇಟ್ಟೆ. ಗೆರಿ ತುಸು ಸರಿಸಿದೆ... ಚುಕ್ಕಿ ಅಲ್ಲೇ ಉಳಿದ್ವು. ಸಾಕಾತು.

ಅಣ್ಣಿಗೇರಿ ರೋಹಿಣಿ ಮೇಡಂಗ ಫೋನ್ ಮಾಡಿದೆ. ನನಗ ಕಂಪ್ಯೂಟರ್ ಕಲಿಸಿದವರು. ಕೈಯಿಂದ ಯಾಕ ಇಡ್ತೀ ಮಾರಾಯ್ತಿ, ಗೆರಿಗೆ ಮಾರ್ಕರ್ ಗುರುತು ಹಚ್ಚು, ಸುರು-ನಡು-ಕಡೆ ಮೂರು ಡಬ್ಬಿಯೊಳಗ ನಡುವಿಂದು ಒತ್ತು ಅಂದ್ರು. ಒತ್ತಿದೆ. ಎಲ್ಲಾ ತಿರುವಿಗೂ ಚುಕ್ಕಿ ಬಂದು ಕುಂತ್ವು! ಗೆರಿ ಸರಿಸಿದ್ರ ಜೋಡಿಗೇ ಸರೀತಾವ. ಅಂಗಡ್ಯಾಗ ಒಬ್ಬಾಕಿನ ನಕ್ಕೆ. ಮೇಡಂ ಹೊಟ್ಟಿ ತಣ್ಣಗಿರಲಿ.

7 ಫೆಬ್ರುವರಿ. 4 ಗಂಟೆ

ಸ್ಟಿಕ್ಕರ್ ಕಟರ್ ಮಷೀನು ಬರೇ ಗೆರಿ ಕತ್ತರಿಸಿತು. ಚುಕ್ಕಿ ಒಂದೂ ಇಲ್ಲ. ಮಾರ್ಕರ್ ತೋರಿಕಿಗೆ ಮಾತ್ರ, ಮಷೀನು ಅದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ. ಎರಡು ಫೂಟು ರೇಡಿಯಂ ಹಾಳು. ಬೈದೆ, ಮಷೀನಿಗೂ ನನಗೂ.

ಆಮ್ಯಾಲ ಹೊಳೀತು. ಸ್ಟ್ರೋಕ್ ಟು ಪಾಥ್ ಅನ್ನೂ ಕಮಾಂಡ್ ಕೊಟ್ಟು, ಗುಂಪು ಬಿಡಿಸಿದೆ. ಈಗ ಚುಕ್ಕಿ ಖರೇ ಆಕಾರ ಆದ್ವು. ಸೂಜಿಯಿಂದ ಒಂದೊಂದ ಎತ್ತಿ, ಹಾಳಿ ಮ್ಯಾಲ ಒಂದರ ಮ್ಯಾಲೊಂದು ಮೂರು ಪದರ ಅಂಟಿಸಬೇಕು. ಲಗ್ನದ ಸೀಜನ್ ಬ್ಯಾರೆ. ಯಾವಾಗ ಮುಗೀತದೋ.

19 ಫೆಬ್ರುವರಿ. ಮಧ್ಯಾಹ್ನ

ಕೊಟ್ಟೆ. ಅತ್ತಿ ಚುಕ್ಕಿ ಹಾಳಿ ಮುಟ್ಟಲೇ ಇಲ್ಲ.

ನಾ ಕಾಗದ ನೋಡಿ ನೇಯ್ದಾಕಿ ಅಲ್ಲ, ಅಂದ್ರು. ಸಿಟ್ಟು ಬಂತು ನನಗ. ನಾ ಅಂಗಡಿ ಹಾಕ್ತೀನಿ ಅಂದಾಗ ಓಣಿ ಮಂದಿ ಎಷ್ಟು ಮಾತಾಡಿದ್ರು! ಅತ್ತಿ ಮೂರು ತಿಂಗಳು ಅಂಗಡಿ ಬಾಗಿಲಾಗ ಕುರ್ಚಿ ಹಾಕ್ಕೊಂಡು ಕುಂತ್ರು. ಒಬ್ಬರೂ ಬಾಯಿ ತಗೀಲಿಲ್ಲ ಆಮ್ಯಾಲ. ಇವತ್ತು ನಾಕು ಮಂದಿ ನನ್ನ ಹೆಸರು ಹಿಡಿದು ಅಂಗಡಿ ಕೇಳ್ಕೊಂತ ಬರ್ತಾರ ಅಂದ್ರ ಅದು ಆ ಕುರ್ಚಿಯಿಂದ.

"ನನ್ನ ಸಲುವಾಗಿ ನೀವು ಅಷ್ಟು ದಿನ ಕುಂತ್ರಿ. ನಿಮ್ಮ ಸಲುವಾಗಿ ನಾ ಇಷ್ಟೂ ಮಾಡಬಾರದೇನ್ರಿ?"

ಹಾಳಿ ಅಲ್ಲೇ ಇಟ್ಟು ಬಂದೆ. ದನಿ ಏರಿಸಬಾರದಿತ್ತು.

21 ಫೆಬ್ರುವರಿ. ಬೆಳಿಗ್ಗೆ 8

ಹಾಲು ಕಾಸೂ ಮುಂದ ಅತ್ತಿ ಕರೆದ್ರು. ಹಾಳಿ ತೊಡಿ ಮ್ಯಾಲಿತ್ತು. ಇದರ ಬಾಗಿಲು ಎಲ್ಲೈತಿ, ಎಲ್ಲಿಂದ ಒಳಗ ಹೋಗೂದು, ಅಂತ ಕೇಳಿದ್ರು.

ನೋಡಿದೆ. ಮೊದಲಿಗೊಂದು, ಕಡೀಕೊಂದು ಚುಕ್ಕಿನೇ ಇಲ್ಲ. ನಡುವಿನ ಮಾರ್ಕರ್ ತುದಿಗೆ ಕೂಡಂಗಿಲ್ಲ. ತಪ್ಪು ಹಿಡಿದ್ರಲಾ... ಅಂದ್ರ ಓದ್ಯಾರ! ಹಾಲು ಉಕ್ಕಿ ಹೋತು. ಹೋಗಲಿ.

ಸುರುವಿಗೆ ತ್ರಿಕೋನ, ಕಡೀಕ ಚೌಕ ಹಾಕ್ತೀನಿ. ನಡುವ ದುಂಡು ಚುಕ್ಕಿನೇ ಇರಲಿ.

5 ಮಾರ್ಚ್, ರಮಜಾನಿನ ನಾಲ್ಕನೇ ರೋಜಾ. 4.30

ಆಸೀಫ್ ಸುಣ್ಣದವಗ ಶನಿವಾರ ಬಾ ಅಂತ ಹೇಳಿ ಬಂದಾರ. ಪಾನಾ ಸೈತ ತಂದಿಟ್ಟಾರ, ಮಗ್ಗದ ಬೋಲ್ಟ್ ಬಿಚ್ಚಾಕ.

ಅತ್ತಿ ಹೊಸ ಹಾಳಿ ಮ್ಯಾಲ ಎರಡೂ ಕೈ ಇಟ್ಟಿದ್ರು. ಎಡಗೈ ಎಡದಿಂದ, ಬಲಗೈ ಬಲದಿಂದ, ಜೋಡಿಲೇ ಮ್ಯಾಲ ಏರಿದ್ವು. ಬಲಗೈ ನಿಂತು ಬಿಡ್ತು. ಇಲ್ಲೊಂದು ಹೆಚ್ಚೈತಿ, ಅಂದ್ರು. ಇಲ್ರಿ, ನಿಮ್ಮ ಜಾನಮಾಜ್ ನೋಡೇ ಎಳದೀನಿ, ಅಂದೆ. ಕಮಾನಿನ ತುದಿ ಒಂದು, ಎರಡು ಬಾಜು ಸಮ ಅಂದ್ರ ಬೆಸ ಆಗಬೇಕು — ಐವತ್ತೆರಡು ಹೆಂಗ ಬಂತು ಹುಡುಗಿ, ಅಂತ ಕೇಳಿದ್ರು.

ಅಂಗಡಿಗೆ ಓಡಿದೆ. ದೊಡ್ಡದು ಮಾಡಿ ನೋಡಿದೆ. ನೆಟ್ಟನ ಗೆರಿ ಮ್ಯಾಲ ಒಂದು ಹುಸಿ ನೋಡ್. ನಾನೇ ಎಲ್ಲೋ ಡಬಲ್ ಕ್ಲಿಕ್ ಮಾಡೀನಿ. ಒಂದು ತಿಂಗಳು ಸ್ಕ್ರೀನ್ ನೋಡೀನಿ, ಕಾಣಲೇ ಇಲ್ಲ.

ವಾಪಸ್ ಬಂದು, ತಿದ್ದಿ ಮತ್ತ ಕತ್ತರಿಸಿ ತರ್ತೀನಿ ಅಂದೆ. ಬ್ಯಾಡ ಅಂದ್ರು.

"ಆ ಹಾಳಿ ನಿನಗಿರಲಿ, ನೇಯೂದು ಕಲಿಯಾಕ ಬೇಕಾಗ್ತೈತಿ. ನನ್ನ ಕೈ ಏನೂ ಮರತಿಲ್ಲ. ಆಸೀಫ್‌ಗ ಹೇಳು, ಮಗ್ಗಕ್ಕ ಕೈ ಹಚ್ಚಬ್ಯಾಡ ಅಂತ."

ಅತ್ತುಬಿಟ್ಟೆ. ರೋಜಾದಾಗ ಕಣ್ಣೀರು ನಡೀತೈತೋ ಇಲ್ಲೋ ಗೊತ್ತಿಲ್ಲ. ಅಲ್ಲಾಹ್‌ನ ಶುಕ್ರ. ರೋಹಿಣಿ ಮೇಡಂದೂ ಉಪಕಾರ, ಶುಕ್ರ. ಎಸಳು ಅಂಟಿಸಿ ಕಳಿಸಿದ ಪ್ರಭುನ ಟ್ರ್ಯಾಕ್ಟರಿಂದೂ ಶುಕ್ರ.

8 ಮಾರ್ಚ್, ಶನಿವಾರ. ಮಧ್ಯಾಹ್ನ 12

ಸುಣ್ಣದವ ಬಂದಿದ್ದ. ಈ ಮಗ್ಗದ ಕೋಣಿ ಬಿಟ್ಟು ಉಳಿದದ್ದು ಹಚ್ಚು ಅಂದೆ.

ಆಸೀಫ್ ಅದೇ ಪಾನಾದಿಂದ ಬೋಲ್ಟ್ ಬಿಗಿ ಮಾಡಿದ್ರು. ಎಲ್ಲಾ ಬೋಲ್ಟ್ ಎರಡೆರಡು ಸಲ ನೋಡಿದ್ರು. ಕೆಂಪು ನೂಲಿನ ಉಂಡಿ ಬಲಕ್ಕ, ಕರೀದು ಎಡಕ್ಕ ಇಟ್ಟೆ. ಅತ್ತಿ ಕುಂತ್ರು. ಎಳಿ ಎಣಿಸಿದ್ರು. ನಾಕು ತಿಂಗಳಾದ ಮ್ಯಾಲ ಎಳಿ ಬಡಿಯೂ ಪಂಜಾದ ಏಟು ಕೇಳಿತು. ಬಾಜು ಮನಿ ರಜಿಯಾಬೇಗಂ ಬಂದು ಹೊಸ್ತಿಲ್ದಾಗ ನಿಂತು, ಒಳಗ ಬರೂದನ್ನೂ ಮರತು ನೋಡಿದ್ರು.

ಈಗ ಅತ್ತಿ ಕರೀಲಿಕ್ಕತ್ತಾರ. ಮಗ್ಗದ ಮುಂದ ತಾವು ಕೂಡೂ ಮಣಿ ಬಾಜು ಇನ್ನೊಂದು ಮಣಿ ಹಾಕಿಸ್ಯಾರ. ಯಾರಿಗ್ರಿ ಅಂದೆ. ಹಾಳಿ ತಗೊಂಡು ಬಾ, ಅಂದ್ರು. ಆ ಹುಸಿ ಚುಕ್ಕಿ ಇನ್ನೂ ಕಿತ್ತಿಲ್ಲ, ಕಿತ್ತು ಹೋಗ್ಬೇಕು, ಇಲ್ಲಂದ್ರ —